24 ಖಾನೆಯ ಡಿಎನ್‌ಎ ಚಿಪ್ಪಿನಲ್ಲಿ ಕಪ್ಪು ಹೋರಿ ಎಲ್ಲಿ ಕೂತಿತ್ತು?

ಎರಡು ವರ್ಷದ ಹಿಂದೆ ಆಟಿ ತಿಂಗಳಲ್ಲಿ ಒಂದು ಕಪ್ಪು ಹೋರಿಗೆ ಬೀಜ ಒಡೆಸುವ ಮಾತು ನಡೆದಿತ್ತು. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ಹಟ್ಟಿಯ ಹೋರಿ ಅದು. ಇನ್ನೂ ಎಳೆಯದು, ಎರಡು ವರ್ಷ ದಾಟಿರಲಿಲ್ಲ. ಅದರ ಮೈಯಲ್ಲಿ ಕಾಲು ಪಾಲು ಜರ್ಸಿ ರಕ್ತ ಇದೆ ಅಂತ ಹೇಳಿದ್ದು ನಾವೇ ಮಾಡಿಸಿದ ಡಿಎನ್‌ಎ ಪರೀಕ್ಷೆ. ಚಿಪ್, ಅಂದರೆ ಡಿಎನ್‌ಎ ಓದಲು ಬಳಸುವ ಸಣ್ಣ ಪಟ್ಟಿ, ಸರಿಯಾಗಿ ಕೆಲಸ ಮಾಡಿತ್ತು, ಅಂಕಿ ಸರಿ ಇತ್ತು, ಲೆಕ್ಕವೂ ಸರಿ ಇತ್ತು. ಅದು ಹೇಳಿದ್ದು ಮಾತ್ರ ಬೇರೆ ದನದ ವಿಷಯ.

ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ದುಡ್ಡು ಉಳಿಸಲು ಒಂದು ಚಿಪ್ಪನ್ನು ಇಬ್ಬರು ಮೂವರು ಹಂಚಿಕೊಳ್ಳುವುದು ಈಗ ಜಾಸ್ತಿ ಆಗಿದೆ. ಒಳ್ಳೆಯದೇ. ಆದರೆ ಹೇಗೆ ಹಂಚಿಕೊಳ್ಳಬೇಕು ಅನ್ನುವುದನ್ನು ಕನ್ನಡದಲ್ಲಿ ಹೇಳಿದ್ದು ನನಗೆ ಎಲ್ಲೂ ಸಿಕ್ಕಿಲ್ಲ.

ಗಿಡ್ಡ ದನ ಮತ್ತು ನಮ್ಮ ಪ್ರಶ್ನೆ

ನಾನು ಹತ್ತು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿ ಊರಿಗೆ ಬಂದವ. ಈಗ ಸ್ವಲ್ಪ ಅಡಕೆ, ನಾಲ್ಕು ದನ. ಎಲ್ಲವೂ ಕಾಸರಗೋಡು ಗಿಡ್ಡ. ಮಲಯಾಳದಲ್ಲಿ ಕುಳ್ಳನ್ ಅಂತಾರೆ. ಎತ್ತರ ಒಂದು ಮೀಟರಿನ ಆಸುಪಾಸು. ಹಾಲು ಕಡಿಮೆ, ಆದರೆ ಗುಡ್ಡೆಯಲ್ಲಿ ಬಿಟ್ಟರೆ ತನ್ನ ಹೊಟ್ಟೆ ತಾನೇ ನೋಡಿಕೊಳ್ಳುತ್ತದೆ, ನಮ್ಮ ಮಳೆಯನ್ನೂ ತಡೆದುಕೊಳ್ಳುತ್ತದೆ, ಡಾಕ್ಟರನ್ನು ಕರೆಸುವ ಪ್ರಸಂಗ ವರ್ಷಕ್ಕೊಮ್ಮೆ ಬಂದರೆ ಬಂತು. ಗದ್ದೆ ತೋಟಕ್ಕೆ ಗೊಬ್ಬರ ಸಿಗುತ್ತದೆ. ಹಿಂದೆ ಇಲ್ಲಿ ಮನೆಮನೆಯಲ್ಲೂ ಇವೇ ಇದ್ದವು.

ಆಮೇಲೆ ಕಡಿಮೆಯಾದದ್ದು ಸುಮ್ನೆ ಅಲ್ಲ. 1961ರ ಕೇರಳ ಜಾನುವಾರು ಅಭಿವೃದ್ಧಿ ಕಾಯ್ದೆ ಬಂದ ಮೇಲೆ ಪರವಾನಗಿ ಇಲ್ಲದ ನಾಟಿ ಹೋರಿಗಳ ಬೀಜ ಒಡೆಸುವುದು ಕಾನೂನೇ ಆಯಿತು. ಹಾಲಿಗಾಗಿ ಜರ್ಸಿ ಇಂಜೆಕ್ಷನ್ ಬಂತು. ತೆಂಕಣ ಕೇರಳದ ವೆಚ್ಚೂರು ದನ ಇನ್ನೇನು ಮುಗಿಯಿತು ಅನ್ನುವ ಹೊತ್ತಿಗೆ, 1989ರಲ್ಲಿ, ಸೋಸಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಊರೂರು ತಿರುಗಿ ಹುಡುಕಿ ಅದನ್ನು ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಗಿಡ್ಡಕ್ಕೆ ಬದಿಯಡ್ಕ ಕಡೆ ಬೇಳದಲ್ಲಿ ಸರ್ಕಾರದ ಸಾಕಣೆ ಕೇಂದ್ರ ಇದೆ. ಉಳಿದದ್ದು ನಮ್ಮಂಥವರ ಹಟ್ಟಿಗಳಲ್ಲಿ.

ಪೆರ್ಲ, ಬದಿಯಡ್ಕ, ಮುಳ್ಳೇರಿಯ ಸುತ್ತಿನ ಕೆಲವು ಮನೆಯವರು ಸೇರಿ ಒಂದು ಯೋಚನೆ ಮಾಡಿದೆವು. ಹೋರಿಗಳನ್ನು ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳೋಣ, ಒಂದೇ ಹಟ್ಟಿಯೊಳಗೆ ಅಪ್ಪ-ಮಗಳು ಕೂಡಿಕೆ ಆಗದ ಹಾಗೆ ನೋಡಿಕೊಳ್ಳೋಣ ಅಂತ. ಆಗ ಎದ್ದ ಪ್ರಶ್ನೆ: ಯಾವ ಹೋರಿ ನಿಜಕ್ಕೂ ಗಿಡ್ಡ, ಯಾವುದರಲ್ಲಿ ಕ್ರಾಸ್ ಸೇರಿದೆ? ಬಣ್ಣ, ಕೊಂಬು, ಎತ್ತರ ನೋಡಿ ಹೇಳುವ ಹಿರಿಯರು ಇದ್ದಾರೆ. ಅವರ ಕಣ್ಣನ್ನು ನಾನು ನಂಬುತ್ತೇನೆ. ಆದರೆ ಮೂರು ತಲೆಮಾರಿನ ಹಿಂದೆ ಸೇರಿದ ಜರ್ಸಿ ಕಣ್ಣಿಗೆ ಕಾಣುವುದಿಲ್ಲ ಅಲ್ವಾ.

ಒಟ್ಟು 61 ದನಗಳ ಸ್ಯಾಂಪಲ್ ತೆಗೆದೆವು. ಹೆಚ್ಚಿನವು ರಕ್ತ, ಕೆಲವು ಕರುಗಳದ್ದು ಬೇರು ಸಮೇತ ಕಿತ್ತ ಬಾಲದ ಕೂದಲು. ಒಪ್ಪಿಗೆ ಪತ್ರ ಕನ್ನಡದಲ್ಲೂ ಮಲಯಾಳದಲ್ಲೂ ಇತ್ತು. ಪಟ್ಟಿಯಲ್ಲಿ ಕಾಳಿ ಅನ್ನುವ ಹೆಸರು ಮೂರು ಸಲ ಬಂದಿದ್ದರಿಂದ ಎಲ್ಲಕ್ಕೂ ನಂಬರ್ ಕೊಟ್ಟೆವು. ಹೀಗೆ ಗುಂಪಿನ ಹತ್ತಿರ 61 ಟ್ಯೂಬ್ ಇದ್ದವು, ದುಡ್ಡು ಒಂದು ಚಿಪ್ಪಿಗೂ ಸಾಲುತ್ತಿರಲಿಲ್ಲ.

ಮಣಿ, ಗುಳಿ, ಖಾನೆ

ಚಿಪ್ ಅಂದರೆ ಏನು ಅಂತ ಇಲ್ಲಿ ನಿಂತು ಹೇಳಬೇಕು. ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಾಲ್ಟ್ ಅನ್ನುವ ರಸಾಯನ ವಿಜ್ಞಾನಿ ಬೆಳಕು ಸಾಗಿಸುವ ಗಾಜಿನ ಎಳೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಸಾವಿರಾರು ಎಳೆಗಳ ಒಂದು ಕಟ್ಟಿನ ತುದಿಯನ್ನು ಆಸಿಡ್ಡಿನಲ್ಲಿ ಅದ್ದಿದರೆ, ಎಳೆಯ ನಡುಭಾಗ ಬೇಗ ಕರಗುತ್ತದೆ, ಸುತ್ತಿನ ಕವಚ ಹಾಗೇ ಉಳಿಯುತ್ತದೆ. ಪ್ರತಿ ಎಳೆಯ ತುದಿಯಲ್ಲೂ ಒಂದು ಸಣ್ಣ ಗುಳಿ. ಅದರ ಮೇಲೆ ಅದೇ ಅಳತೆಯ ಮಣಿಗಳನ್ನು ಸುರಿದರೆ ಗುಳಿಗೊಂದರಂತೆ ಕೂತುಬಿಡುತ್ತವೆ. ಮಣಿ ಅಂದರೆ ಕಣ್ಣಿಗೆ ಕಾಣದ್ದು, 3 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಮುನ್ನೂರಕ್ಕೂ ಜಾಸ್ತಿ ಸಾಲಾಗಿ ನಿಲ್ಲುವಷ್ಟು. ಒಂದೊಂದು ಮಣಿಯ ಮೈಮೇಲೆ ಒಂದೇ ತರದ ಡಿಎನ್‌ಎ ಎಳೆಯ ಲಕ್ಷಗಟ್ಟಲೆ ಪ್ರತಿಗಳು. 1998ರಲ್ಲಿ ಈ ಕೆಲಸ ಪ್ರಕಟವಾಯಿತು. ಅದೇ ವರ್ಷ ಇಲ್ಯುಮಿನಾ ಕಂಪನಿ ಶುರುವಾದದ್ದು ಇದರ ಮೇಲೆಯೇ.

ಮಣಿಗಳು ಎಲ್ಲಿ ಬೀಳುತ್ತವೆ ಅನ್ನುವುದು ಪೂರ್ತಿ ಅದೃಷ್ಟದ ಮೇಲೆ. ಹಾಗಾಗಿ ಚಿಪ್ ತಯಾರಾದ ಮೇಲೆ, ಬೇರೆ ಬೇರೆ ಬಣ್ಣದ ಡಿಎನ್‌ಎ ತುಂಡುಗಳನ್ನು ಒಂದಾದ ಮೇಲೊಂದು ಹಾಯಿಸಿ, ಯಾವ ಗುಳಿಯಲ್ಲಿ ಯಾವ ಮಣಿ ಇದೆ ಅಂತ ಕಾರ್ಖಾನೆಯಲ್ಲೇ ಓದಿ ಒಂದು ನಕ್ಷೆ ಮಾಡುತ್ತಾರೆ. ಪ್ರತಿ ಚಿಪ್ಪಿಗೂ ಅದರದ್ದೇ ನಕ್ಷೆ. ಕಡೆಗೆ ನಮ್ಮನ್ನು ಕಾಡಿದ್ದು ಇದೇ: ಯಾವ ಮಣಿ ಎಲ್ಲಿದೆ ಅಂತ ಚಿಪ್ಪಿಗೆ ಖಚಿತವಾಗಿ ಗೊತ್ತು, ಯಾವ ದನ ಎಲ್ಲಿದೆ ಅಂತ ಮಾತ್ರ ಗೊತ್ತಿಲ್ಲ. ಅದನ್ನು ನಾವು ಹೇಳಬೇಕು.

ಇನ್ನು ಭಾಗ ಮಾಡುವ ವಿಷಯ. ಒಂದು ಸ್ಯಾಂಪಲ್ಲಿಗೆ ಒಂದು ಇಡೀ ಗಾಜು ಖರ್ಚು ಮಾಡಿದರೆ ಯಾರಿಗೂ ಕೈಗೆಟುಕುವುದಿಲ್ಲ. ಮೊದಲು ಮಾಡಿದ ಉಪಾಯ ಏನೆಂದರೆ ಎಳೆಗಳ 96 ಕಟ್ಟುಗಳನ್ನು ಬಾಚಣಿಗೆಯ ಹಲ್ಲಿನ ಹಾಗೆ ನಿಲ್ಲಿಸಿ, ಲ್ಯಾಬುಗಳಲ್ಲಿ ಎಲ್ಲರೂ ಬಳಸುವ 96 ಗುಂಡಿಯ ತಟ್ಟೆಯೊಳಗೆ ಒಮ್ಮೆಗೇ ಅದ್ದುವುದು. ಪ್ರತಿ ಕಟ್ಟಿನಲ್ಲೂ ಸುಮಾರು 50,000 ಎಳೆ. ಒಂದೇ ಅದ್ದುವಿಕೆಯಲ್ಲಿ 96 ಸ್ಯಾಂಪಲ್. ಆಮೇಲೆ ಬಂದದ್ದು ಸಿಲಿಕಾನ್ ಗುಳಿಗಳ ಚಪ್ಪಟೆ ಚಿಪ್. ಮೈಕ್ರೋಸ್ಕೋಪಿನ ಗಾಜಿನಷ್ಟೇ ಗಾತ್ರ. ಅದರ ಮೇಲೆ ಒಂದೇ ಮಣಿ-ಗುಂಪನ್ನು ಹಲವು ಖಾನೆಗಳಲ್ಲಿ ಮತ್ತೆ ಮತ್ತೆ ಹಾಕಿರುತ್ತಾರೆ. ಖಾನೆಗೊಂದು ಸ್ಯಾಂಪಲ್.

ದನಗಳಿಗೆ ತುಂಬ ಬಳಕೆಗೆ ಬಂದದ್ದು ಬೊವೈನ್ ಎಸ್‌ಎನ್‌ಪಿ 50 ಅನ್ನುವ ಚಿಪ್. ಮೊದಲ ಆವೃತ್ತಿಯಲ್ಲಿ 12 ಖಾನೆ ಇತ್ತು. ಎರಡನೆಯದರಲ್ಲಿ 24 ಖಾನೆ, ಒಂದೊಂದರಲ್ಲೂ 54,609 ಗುರುತು, ಅಂದರೆ ಡಿಎನ್‌ಎಯಲ್ಲಿ ದನದಿಂದ ದನಕ್ಕೆ ಒಂದಕ್ಷರ ಬದಲಾಗುವ ಜಾಗಗಳು. ಇದೇ ಗಾತ್ರದ ಇನ್ನೊಂದು ಚಿಪ್ಪಿನಲ್ಲಿ 7,77,962 ಗುರುತು ಇವೆ, ಆದರೆ ಖಾನೆ ಬರೀ 8. ಜಾಗ ಅಷ್ಟೇ ಇರುವುದು, ಅದನ್ನು ಗುರುತಿಗೆ ಕೊಡುತ್ತೀರೋ ದನಕ್ಕೆ ಕೊಡುತ್ತೀರೋ ಅನ್ನುವುದು ನಿಮ್ಮ ಪ್ರಶ್ನೆಯ ಮೇಲೆ. ಜರ್ಸಿ ಸೇರಿದೆಯಾ ಇಲ್ಲವಾ ಅಂತ ನೋಡಲು 54 ಸಾವಿರವೂ ಬೇಡ. ಸರಿಯಾಗಿ ಆರಿಸಿದ ಕೆಲವು ಸಾವಿರ ಸಾಕು. ಹಾಗಾಗಿ ನಮಗೆ 24 ಖಾನೆಯದೇ ಸರಿ.

ಹಾಗಿದ್ದರೆ 240 ಖಾನೆ ಯಾಕೆ ಮಾಡಬಾರದು ಅಂತ ನಮ್ಮ ಗುಂಪಿನ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಮಣಿಗಳು ಅದೃಷ್ಟದಂತೆ ಬೀಳುತ್ತವೆ ಅಂದೆನಲ್ಲ, ಅಲ್ಲಿದೆ ಉತ್ತರ. ಒಂದು ಖಾನೆಯಲ್ಲಿ ಪ್ರತಿ ಬಗೆಯ ಮಣಿ ಸರಾಸರಿ 15 ಸಲ ಇದ್ದರೆ, ಯಾವುದೋ ಒಂದು ಬಗೆ ಪೂರ್ತಿ ತಪ್ಪಿಹೋಗುವ ಸಂಭವ ಇಲ್ಲವೇ ಇಲ್ಲ ಅನ್ನಬಹುದು. ಸರಾಸರಿ 5ಕ್ಕೆ ಇಳಿಸಿದರೆ ಲೆಕ್ಕದ ಪ್ರಕಾರ ನೂರಕ್ಕೆ 0.67 ಬಗೆಗಳು ಒಂದೂ ಇಲ್ಲದೆ ಹೋಗುತ್ತವೆ. 54,609ರಲ್ಲಿ ಅದು ಸುಮಾರು 370 ಗುರುತು. ಅದೂ ಪ್ರತಿ ಖಾನೆಯಲ್ಲಿ ಬೇರೆ ಬೇರೆ 370. ಇನ್ನೂ ಸಾವಿರಾರು ಬಗೆಗಳು ಒಂದೋ ಎರಡೋ ಮಣಿಯ ಮೇಲೆ ನಿಲ್ಲುತ್ತವೆ, ಅವುಗಳ ಮಾತನ್ನು ನಂಬುವ ಹಾಗಿಲ್ಲ. ಖಾನೆ ಚಿಕ್ಕದು ಮಾಡಬೇಕಾದರೆ ಗುರುತುಗಳನ್ನೂ ಕಡಿಮೆ ಮಾಡಲೇಬೇಕು.

ಇನ್ನೊಬ್ಬರು ಕೇಳಿದ್ದು: ಈ ವರ್ಷ ಅರ್ಧ ಚಿಪ್ ಬಳಸಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಟ್ಟರೆ? ಆಗುವುದಿಲ್ಲ. ಯಾಕೆ ಅನ್ನುವುದಕ್ಕೆ ನಮ್ಮ ಅಡಕೆ ಅಂಗಳ ನೆನಪಿಗೆ ಬರುತ್ತದೆ. ಅಣ್ಣ ತಮ್ಮ ಇಬ್ಬರೂ ಒಂದೇ ಅಂಗಳದಲ್ಲಿ ಅಡಕೆ ಒಣಗಿಸುತ್ತಾರೆ. ನಡುವೆ ಒಂದು ದಬ್ಬೆ ಅಡ್ಡ ಇಟ್ಟರೆ ಅಡಕೆ ಬೆರೆಯುವುದಿಲ್ಲ, ಬಿಸಿಲು ಮಾತ್ರ ಇಬ್ಬರಿಗೂ ಒಂದೇ. ಚಿಪ್ಪಿನಲ್ಲೂ ಹಾಗೆ. ಡಿಎನ್‌ಎ ಹಾಕುವಾಗ ಖಾನೆಗಳ ನಡುವೆ ಸೀಲ್ ಇರುತ್ತದೆ. 48 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟಾಗ ಪ್ರತಿ ದನದ ಡಿಎನ್‌ಎ ತನ್ನ ಖಾನೆಯ ಮಣಿಗಳಿಗೆ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ಅದು ಹರಿದಾಡುವುದಿಲ್ಲ. ಆಮೇಲೆ ಸೀಲ್ ಕಿತ್ತು ಇಡೀ ಚಿಪ್ಪನ್ನು ಒಟ್ಟಿಗೇ ತೊಳೆದು, ಒಂದಕ್ಷರ ಜೋಡಿಸುವ ಕಿಣ್ವ, ಅದು ಯಾವ ಅಕ್ಷರ ಅಂತ ತೋರಿಸುವ ಕೆಂಪು-ಹಸಿರು ಬಣ್ಣ ಎಲ್ಲವನ್ನೂ ಒಟ್ಟಿಗೇ ಹಾಯಿಸುತ್ತಾರೆ. ಈ ಒಟ್ಟಿಗೆ ಮಾಡುವ ಕೆಲಸದಿಂದಲೇ ಖರ್ಚು ಉಳಿಯುವುದು. ಆದರೆ ಖಾಲಿ ಬಿಟ್ಟ ಖಾನೆಯ ಮೇಲೂ ಇದೆಲ್ಲ ಹಾಯುತ್ತದೆ, ಅಲ್ಲಿಗೆ ಆ ಖಾನೆಯ ಕಥೆ ಮುಗಿಯಿತು.

ಅಂದರೆ ಖಾಲಿ ಖಾನೆಯ ಬೆಲೆಯನ್ನು ತುಂಬಿದ ಖಾನೆಗಳು ಹೊರಬೇಕು. 24ರಲ್ಲಿ 19 ತುಂಬಿದರೆ ಪ್ರತಿ ದನಕ್ಕೆ ಕಾಲು ಪಾಲಿಗಿಂತ ಜಾಸ್ತಿ ಹೆಚ್ಚುವರಿ. 12 ತುಂಬಿದರೆ ಎರಡು ಪಟ್ಟು.

31 ಮತ್ತು 17

ಸುಳ್ಯದ ಕಡೆ ಮಲೆನಾಡು ಗಿಡ್ಡ ಸಾಕುವವರ ಇನ್ನೊಂದು ಗುಂಪು ಇತ್ತು. ಗಡಿಯ ಆಚೆ, ಆದರೆ ಗುಡ್ಡೆ ದಾಟಿದರೆ ಅವರದೇ ಹಟ್ಟಿ. ಅವರ ಹತ್ತಿರ 31 ಸ್ಯಾಂಪಲ್. ಒಂದು ಚಿಪ್ ತುಂಬಿ 7 ಉಳಿಯುತ್ತದೆ. ಆ 7ಕ್ಕಾಗಿ ಇನ್ನೊಂದು ಚಿಪ್ ಕೊಳ್ಳಲು ಅವರಿಗೆ ಮನಸ್ಸಿಲ್ಲ, 7 ದನ ಬಿಡಲೂ ಮನಸ್ಸಿಲ್ಲ. ಮಂಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಗೆಳತಿ ಎರಡೂ ಕಡೆಯವರನ್ನು ಬಲ್ಲವಳು. ಡೇಟಾ ಕೆಲಸವನ್ನು ಅವಳೇ ಮಾಡುವುದೆಂದಿತ್ತು. ಅವಳು ಫೋನ್ ಮಾಡಿ, "ನೀವು 17 ತನ್ನಿ, ಎರಡು ಚಿಪ್ ಭರ್ತಿ" ಅಂದಳು. ಚಿಪ್ಪಿನ ಬೆಲೆಯನ್ನು 24 ಭಾಗ ಮಾಡಿ ಅದರಲ್ಲಿ 17 ಭಾಗ ನಾವು ಕೊಟ್ಟರೆ ಸಾಕು. ಅಷ್ಟು ನಮ್ಮಿಂದ ಆಗುತ್ತಿತ್ತು.

61ರಲ್ಲಿ 17 ಆರಿಸುವುದು ಸುಲಭ ಆಗಲಿಲ್ಲ. ತಾಯಿ ಪಟ್ಟಿಯಲ್ಲಿದ್ದರೆ ಅದರ ಕರು ಬೇಡ ಅಂತ ಮೊದಲು ತೀರ್ಮಾನಿಸಿದೆವು. ಹೋರಿಗಳಿಗೆ ಆದ್ಯತೆ, ಯಾಕೆಂದರೆ ಒಂದು ಹೋರಿ ಹತ್ತಾರು ಕರುಗಳಿಗೆ ಅಪ್ಪ. ಹಳೆಯ ಹಸುಗಳು ಆಮೇಲೆ. ಒಬ್ಬರು ಸಲಹೆ ಕೊಟ್ಟರು, ಎರಡು ದನದ ಡಿಎನ್‌ಎ ಬೆರೆಸಿ ಒಂದೇ ಖಾನೆಗೆ ಹಾಕಿದರೆ 34 ದನ ಆಗುತ್ತದಲ್ಲ ಅಂತ. ಇಡೀ ತಳಿಯಲ್ಲಿ ಒಂದು ಗುರುತು ಎಷ್ಟು ಪಾಲು ಇದೆ ಅಂತ ತಿಳಿಯಲು ಹಾಗೆ ಬೆರೆಸುವ ಪದ್ಧತಿ ಇದೆ. ನಮಗೆ ಬೇಕಾದದ್ದು ಒಂದೊಂದು ದನದ ಉತ್ತರ. ಬೆರೆಸಿದರೆ ಜರ್ಸಿ ಯಾವುದರಿಂದ ಬಂತು ಅಂತ ಹೇಗೆ ಹೇಳುವುದು? ಬಿಟ್ಟೆವು.

ಆಗ ಗೆಳತಿ ಇನ್ನೊಂದು ಷರತ್ತು ಹಾಕಿದಳು. 17ರಲ್ಲಿ ಒಂದು ಖಾನೆಯನ್ನು ಪುನರಾವರ್ತನೆಗೆ ಕೊಡಬೇಕು. ಒಂದೇ ದನದ ಡಿಎನ್‌ಎ ಎರಡೂ ಚಿಪ್ಪುಗಳಲ್ಲಿ ಇರಬೇಕು. ಗುಂಪಿನಲ್ಲಿ ಇದಕ್ಕೆ ಜೋರು ವಿರೋಧ ಬಂತು. 44 ದನ ಹೊರಗೆ ಕೂತಿರುವಾಗ ಒಂದೇ ಹೋರಿಗೆ ಎರಡು ಜಾಗ ಯಾಕೆ? ನನಗೂ ಆಗ ಹಾಗೇ ಅನಿಸಿತ್ತು. ಅವಳು ಬಿಡಲಿಲ್ಲ. ಮುಳ್ಳೇರಿಯ ಕಡೆಯ ಒಂದು ಕೆಂಪು ಹೋರಿಯನ್ನು ಎರಡು ಸಲ ಹಾಕುವುದು ಅಂತಾಯಿತು. 16 ದನ, 17 ಖಾನೆ.

ಅವಳ ಎರಡನೇ ಷರತ್ತು: ನಮ್ಮವು ಒಂದು ಕಡೆ, ಸುಳ್ಯದವು ಒಂದು ಕಡೆ ಅಂತ ಕೂರಿಸಬಾರದು. ಬೆರೆಸಬೇಕು. ಮೊದಲ ಚಿಪ್ಪಿನಲ್ಲಿ ನಮ್ಮವು 9, ಅವರವು 15. ಎರಡನೆಯದರಲ್ಲಿ ನಮ್ಮವು 8, ಅವರವು 16. ಹೋರಿ ಹಸುಗಳೂ ಬೆರೆಯಬೇಕು, ಚೀಟಿ ಎತ್ತಿ ಜಾಗ ನಿರ್ಧರಿಸಬೇಕು. ಯಾಕೆಂದರೆ ಒಂದು ಚಿಪ್ ಇನ್ನೊಂದಕ್ಕಿಂತ ಸ್ವಲ್ಪ ಮಂಕಾಗಿ ಹೊಳೆಯಬಹುದು, ಅಂಚಿನ ಖಾನೆ ನಡುವಿನದಕ್ಕಿಂತ ಬೇರೆ ತರ ವರ್ತಿಸಬಹುದು. ಎರಡು ತಳಿಗಳನ್ನು ಬೇರೆ ಬೇರೆ ಚಿಪ್ಪಿನಲ್ಲಿ ಕೂರಿಸಿದರೆ, ಕಂಡ ವ್ಯತ್ಯಾಸ ತಳಿಯದೋ ಚಿಪ್ಪಿನದೋ ಅಂತ ಬ್ರಹ್ಮನಿಗೂ ಹೇಳಲಾಗದು.

ಡಿಎನ್‌ಎ ತೆಗೆದದ್ದು ಮಂಗಳೂರಿನಲ್ಲಿ. ಪ್ರತಿ ಮೈಕ್ರೋಲೀಟರಿಗೆ 50 ನ್ಯಾನೋಗ್ರಾಂ ಇರಬೇಕು, ಅದರಲ್ಲಿ 4 ಮೈಕ್ರೋಲೀಟರ್ ಸಾಕು. ಒಂದು ಕರುವಿನ ಕೂದಲಿನಿಂದ ಬಂದದ್ದು 18 ಮಾತ್ರ. ಅದನ್ನು ಬಿಡಬೇಕಿತ್ತು. ಅದರ ಅಮ್ಮ ಸತ್ತುಹೋಗಿತ್ತು, ಆ ಸಾಲಿನಲ್ಲಿ ಉಳಿದದ್ದು ಅದೊಂದೇ, ಹಾಗಾಗಿ ಆಸೆಯಿಂದ ಹಾಕಿದೆವು.

48 ಟ್ಯೂಬುಗಳನ್ನು 24 ಗುಂಡಿಯ ಎರಡು ರ‍್ಯಾಕಿನಲ್ಲಿಟ್ಟೆವು. ನಾಲ್ಕು ಸಾಲು, ಸಾಲಿಗೆ ಆರು. ಟ್ಯೂಬುಗಳ ಮೇಲೆ ನಂಬರ್, ರ‍್ಯಾಕಿನ ಮುಚ್ಚಳದ ಮೂಲೆಯಲ್ಲಿ ಒಂದು ಬಾಣ. ಐಸ್ ತುಂಬಿ, ಧಾರಾಕಾರ ಮಳೆಯಲ್ಲಿ ಕೊರಿಯರಿಗೆ ಕೊಟ್ಟು ಬಂದೆ.

ಫಲಿತಾಂಶ ಬಂದ ಸಂಜೆ

ಐದು ವಾರದ ಮೇಲೆ ಡೇಟಾ ಬಂತು. ಜರ್ಸಿ, ಹೋಲ್ಸ್ಟೀನ್ ದನಗಳ ಅಂಕಿಗಳನ್ನು ಪಕ್ಕದಲ್ಲಿಟ್ಟು ಗೆಳತಿ ಒಂದು ಚುಕ್ಕಿ ಚಿತ್ರ ಮಾಡಿ ಕಳಿಸಿದಳು. ದನಕ್ಕೊಂದು ಚುಕ್ಕಿ, ಡಿಎನ್‌ಎ ಹೋಲುವ ದನಗಳ ಚುಕ್ಕಿಗಳು ಹತ್ತಿರ ಹತ್ತಿರ. ನಮ್ಮ ದನಗಳೆಲ್ಲ ಒಂದು ಮೂಲೆಯಲ್ಲಿ ಗುಂಪಾಗಿದ್ದವು. ಒಂದು ಚುಕ್ಕಿ ಮಾತ್ರ ಗುಂಪು ಬಿಟ್ಟು ಜರ್ಸಿಯ ಕಡೆಗೆ ಸರಿದಿತ್ತು. ಎರಡನೇ ಚಿಪ್, 10ನೇ ಖಾನೆ. ಪಟ್ಟಿ ನೋಡಿದರೆ ಪೆರ್ಲದ ಕಪ್ಪು ಹೋರಿ.

ನಾನು ಅವತ್ತೇ ಹೋರಿಯ ಯಜಮಾನರಿಗೆ ಫೋನ್ ಮಾಡಿದೆ. ಎಪ್ಪತ್ತು ದಾಟಿದವರು. ಆ ಹೋರಿಯನ್ನು ಕರುವಿದ್ದಾಗಿಂದ ಕೈತುತ್ತು ಹಾಕಿ ಬೆಳೆಸಿದವರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದರ ಅಜ್ಜಿಯ ಅಜ್ಜಿಯೂ ಇದೇ ಹಟ್ಟಿಯಲ್ಲಿ ಹುಟ್ಟಿದ್ದು. ಆದರೆ ಮಿಷಿನ್ ಹೇಳಿದ ಮೇಲೆ ಏನು ಮಾಡುವುದು, ಬೀಜ ಒಡೆಸುವಾ" ಅಂದರು. ಆ ಸ್ವರ ಇವತ್ತಿಗೂ ಕಿವಿಯಲ್ಲಿದೆ. ನಾನು ಅಷ್ಟು ಬೇಗ ಫೋನ್ ಮಾಡಿದ್ದು ತಪ್ಪು. ಪುನರಾವರ್ತನೆಯ ಖಾನೆಗಳನ್ನು ಇನ್ನೂ ಹೋಲಿಸಿಯೇ ಇರಲಿಲ್ಲ.

ಮರುದಿನ ಗೆಳತಿ ಹೋಲಿಸಿದಳು. ಕೆಂಪು ಹೋರಿ ಮೊದಲ ಚಿಪ್ಪಿನಲ್ಲಿ 5ನೇ ಖಾನೆ, ಎರಡನೆಯದರಲ್ಲಿ 9ನೇ ಖಾನೆ. ಒಂದೇ ಹೋರಿ, ಹಾಗಾಗಿ ಹತ್ತಿರ ಹತ್ತಿರ ನೂರಕ್ಕೆ ನೂರು ಹೊಂದಬೇಕು. ಹೊಂದಲಿಲ್ಲ. ಸಂಬಂಧವೇ ಇಲ್ಲದ ಎರಡು ದನಗಳ ನಡುವೆಯೂ ಅರ್ಧಕ್ಕಿಂತ ಜಾಸ್ತಿ ಗುರುತು ಒಂದೇ ಇರುತ್ತವೆ. ಇಲ್ಲಿ ಇದ್ದದ್ದೂ ಅಷ್ಟೇ.

ಎಲ್ಲೋ ಟ್ಯೂಬ್ ಅದಲುಬದಲಾಗಿದೆ. ಎಷ್ಟು, ಯಾವುದು? ಮೊದಲ ಚಿಪ್ಪಿನ 5ನೇ ಖಾನೆಯನ್ನು ಎರಡನೇ ಚಿಪ್ಪಿನ 24 ಖಾನೆಗಳ ಜೊತೆಗೂ ಒಂದೊಂದಾಗಿ ಹೋಲಿಸಿದಳು. 16ನೇ ಖಾನೆಯ ಜೊತೆ ಹೊಂದಿತು. ಸಾವಿರಕ್ಕೆ ಒಂದು ಗುರುತೂ ತಪ್ಪಿಲ್ಲ. 9ರಲ್ಲಿ ಇರಬೇಕಾದ ಕೆಂಪು ಹೋರಿ 16ರಲ್ಲಿ ಕೂತಿದೆ.

ಇನ್ನೊಂದು ಸಾಕ್ಷಿ ಅವಳ ಕೈಯಲ್ಲಿತ್ತು. ಹಸುವಿಗೆ ಎಕ್ಸ್ ಕ್ರೋಮೋಸೋಮ್ ಎರಡು, ಹೋರಿಗೆ ಒಂದೇ. ಎಕ್ಸ್ ಮೇಲಿನ ಗುರುತುಗಳಲ್ಲಿ ಹಸುವಿನದು ಎಷ್ಟೋ ಕಡೆ ಎರಡು ಬಗೆ ತೋರಿಸುತ್ತದೆ. ಹೋರಿಯದು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಬಗೆ. ಹೆಸರು ನೋಡದೆ, ಬರೀ ಅಂಕಿಯಿಂದಲೇ ಯಾವ ಖಾನೆಯಲ್ಲಿ ಗಂಡು ಅಂತ ಹೇಳಬಹುದು. ಪಟ್ಟಿಯ ಪ್ರಕಾರ ಎರಡನೇ ಚಿಪ್ಪಿನಲ್ಲಿ ಗಂಡು ಇರಬೇಕಾದ ಖಾನೆಗಳು 3, 9, 10, 14, 20. ಡೇಟಾದಲ್ಲಿ ಗಂಡು ಸಿಕ್ಕಿದ್ದು 5, 11, 15, 16, 22ರಲ್ಲಿ.

ಆ ಎರಡು ಸಾಲನ್ನು ಅವಳು ವಾಟ್ಸಾಪಿನಲ್ಲಿ ಕಳಿಸಿದಳು. ನಾನು ಹಟ್ಟಿಯ ಜಗಲಿಯಲ್ಲಿ ಕೂತು ಸುಮಾರು ಹೊತ್ತು ನೋಡಿದೆ. 3 ಮತ್ತು 22, 9 ಮತ್ತು 16, 10 ಮತ್ತು 15, 14 ಮತ್ತು 11, 20 ಮತ್ತು 5. ಯಾವುದನ್ನು ಕೂಡಿದರೂ 25!

ಇಡೀ ರ‍್ಯಾಕ್ ತಿರುಗಿತ್ತು. ಒಂದನೇ ಟ್ಯೂಬ್ 24ರ ಜಾಗಕ್ಕೆ, 24 ಒಂದರ ಜಾಗಕ್ಕೆ. ಟ್ಯೂಬಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ನಂಬರ್ ಕರಗಿದ ಐಸಿನ ನೀರಿಗೆ ಅಳಿಸಿಹೋಗಿತ್ತು ಅಂತ ಲ್ಯಾಬಿನವರು ಕೇಳಿದ ಮೇಲೆ ಹೇಳಿದರು. ರ‍್ಯಾಕಿನ ಮುಚ್ಚಳದ ಮೇಲಿನ ಬಾಣ ನೋಡಿ ಅವರು ಮುಂದುವರಿದಿದ್ದರು. ಮುಚ್ಚಳ ಎರಡು ಕಡೆಯಿಂದಲೂ ಕೂರುವಂಥದ್ದು. ಪ್ಯಾಕ್ ಮಾಡುವಾಗ ಒಮ್ಮೆ ತೆಗೆದು ಮುಚ್ಚಿದವ ನಾನೇ.

ಹಾಗಾದರೆ 10ನೇ ಖಾನೆಯಲ್ಲಿದ್ದ ಜರ್ಸಿ ಯಾರದು? 25ರಲ್ಲಿ 10 ಕಳೆದರೆ 15. ಪಟ್ಟಿಯ 15ರಲ್ಲಿದ್ದದ್ದು ಬದಿಯಡ್ಕ ಕಡೆಯ ಒಂದು ಹಸು. ಕೆಲವು ವರ್ಷದ ಹಿಂದೆ ದಲ್ಲಾಳಿಯಿಂದ ಕೊಂಡದ್ದು, ಹಿನ್ನೆಲೆ ಯಾರಿಗೂ ಗೊತ್ತಿಲ್ಲದ್ದು. 10ನೇ ಖಾನೆಯ ಎಕ್ಸ್ ಗುರುತುಗಳು ಹೆಣ್ಣಿನವೇ ಆಗಿದ್ದವು, ಅದನ್ನು ಮೊದಲೇ ನೋಡಿದ್ದರೆ ಆ ಫೋನ್ ಹೋಗುತ್ತಿರಲಿಲ್ಲ. ಕಪ್ಪು ಹೋರಿಯ ನಿಜವಾದ ಅಂಕಿ ಇದ್ದದ್ದು 15ನೇ ಖಾನೆಯಲ್ಲಿ. ನಮ್ಮ ಗುಂಪಿನ ನಟ್ಟನಡುವೆ, ಜರ್ಸಿಯ ಸುಳಿವೂ ಇಲ್ಲದೆ.

ಈಗ ಒಂದು ಕ್ಷಣ ಯೋಚನೆ ಮಾಡಿ. ಕೆಂಪು ಹೋರಿಗೆ ಎರಡನೇ ಜಾಗ ಕೊಡದೆ ಇನ್ನೊಂದು ಹಸು ಹಾಕಿದ್ದರೆ? ಎರಡನೇ ಚಿಪ್ಪಿನಲ್ಲಿ ಬರೀ ಹಸುಗಳನ್ನೇ ಕೂರಿಸಿದ್ದರೆ? ರ‍್ಯಾಕ್ ತಿರುಗಿದರೂ ಎಲ್ಲವೂ ಹೆಣ್ಣು, ಯಾವ ಅನುಮಾನವೂ ಬರುತ್ತಿರಲಿಲ್ಲ. ಚೀಟಿ ಎತ್ತಿ ಬೆರೆಸಿದ್ದರಿಂದ ಗಂಡುಗಳು ಎರಡೂ ಕಡೆ ಸಮನಾಗಿ ಕೂತಿರಲಿಲ್ಲ, ಅದರಿಂದಲೇ ತಿರುಗಿದ್ದು ಗೊತ್ತಾಯಿತು. ವ್ಯರ್ಥ ಅಂತ ನಾವೆಲ್ಲ ಜಗಳ ಆಡಿದ ಆ ಒಂದು ಖಾನೆ ಉಳಿದ 23 ಖಾನೆಗಳ ಹೆಸರನ್ನು ಸರಿ ಮಾಡಿತು. ಸುಳ್ಯದವರ 16 ದನಗಳ ಹೆಸರೂ ಅದರಲ್ಲಿ ಸೇರಿದೆ. ಹಂಚಿಕೊಂಡ ಚಿಪ್ಪಿನಲ್ಲಿ ನನ್ನ ಕೈತಪ್ಪು ಅವರ ಹಟ್ಟಿಗೂ ಹೋಗುತ್ತಿತ್ತು, ಇದು ನನಗೆ ಆಮೇಲೆ ಹೊಳೆದದ್ದು.

ಕೈಗೆ ಬಂದದ್ದು

18 ನ್ಯಾನೋಗ್ರಾಂನ ಆ ಕರು ಓದಲು ಸಿಗಲಿಲ್ಲ. ನೂರಕ್ಕೆ 95ಕ್ಕಿಂತ ಜಾಸ್ತಿ ಗುರುತು ಉತ್ತರ ಕೊಟ್ಟರೆ ಮಾತ್ರ ನಾವು ಸ್ಯಾಂಪಲ್ ಒಪ್ಪಿಕೊಳ್ಳುವುದು, ಅದರದ್ದು 88ರಲ್ಲೇ ನಿಂತಿತು. 17 ಖಾನೆಗೆ ದುಡ್ಡು ಕೊಟ್ಟು 15 ದನಗಳ ಉತ್ತರ ಸಿಕ್ಕಿತು. 13 ಶುದ್ಧ. ಬದಿಯಡ್ಕದ ಹಸುವಿನಲ್ಲಿ ಸುಮಾರು ಕಾಲು ಪಾಲು ಜರ್ಸಿ. ಇನ್ನೊಂದರಲ್ಲಿ ಚೂರು ಇರಬಹುದು, ಇಲ್ಲದಿರಬಹುದು, ಆ ಅಂಕಿಯ ಮೇಲೆ ಯಾವ ತೀರ್ಮಾನವೂ ಬೇಡ ಅಂತ ಬಿಟ್ಟಿದ್ದೇವೆ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಚಿಪ್ಪಿನ ಗುರುತುಗಳನ್ನು ಆರಿಸಿದ್ದು ಹೆಚ್ಚಾಗಿ ಯುರೋಪಿನ ತಳಿಗಳನ್ನು ನೋಡಿ. ಡುಬ್ಬ ಇರುವ ನಮ್ಮ ದನಗಳಲ್ಲಿ ಆ ಗುರುತುಗಳು ಅಷ್ಟಾಗಿ ಬದಲಾಗುವುದಿಲ್ಲ. ಅದನ್ನು ನೋಡಿ ನಮ್ಮ ತಳಿಯಲ್ಲಿ ವೈವಿಧ್ಯವೇ ಇಲ್ಲ, ಎಲ್ಲ ಒಳಕೂಡಿಕೆ ಅಂತ ಬರೆಯುವವರಿದ್ದಾರೆ. ಹಾಗೆ ಹೇಳಲು ಬರುವುದಿಲ್ಲ. ಜರ್ಸಿ ಪತ್ತೆಗೆ ಈ ಚಿಪ್ ಸಾಕು, ಆ ಪ್ರಶ್ನೆಗೆ ಸಾಲದು. 2022ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯವರು ದೇಶೀ ತಳಿಗಳಿಗಾಗಿಯೇ 11,496 ಗುರುತಿನ ಇಂಡಿಗೌ ಚಿಪ್ ತಂದಿದ್ದಾರೆ. ಮುಂದೆ ಅಂಥದ್ದರ ಕಡೆ ಹೋಗಬೇಕು ಅನ್ನುವುದು ನನ್ನ ಆಸೆ.

ಕೆಲಸದ ಕ್ರಮ ಈಗ ಬದಲಾಗಿದೆ. ಟ್ಯೂಬಿನ ಮೇಲೆ ಪೆನ್ನಿನ ಬರಹ ಇಲ್ಲ, ನೀರಿಗೆ ಅಳಿಯದ ಅಚ್ಚಿನ ಚೀಟಿ. ಬಾಣ ರ‍್ಯಾಕಿನ ಮೈಮೇಲೆಯೇ, ಮುಚ್ಚಳದ ಮೇಲಲ್ಲ. ಒಂದು ಮೂಲೆಯ ಗುಂಡಿಯಲ್ಲಿ ಬಣ್ಣದ ಮುಚ್ಚಳದ ಟ್ಯೂಬ್. ಡೇಟಾ ಬಂದಾಗ ಮೊದಲು ಪುನರಾವರ್ತನೆ, ಆಮೇಲೆ ಗಂಡು ಹೆಣ್ಣು, ಇವೆರಡೂ ಸರಿ ಬಂದ ಮೇಲೆಯೇ ಚುಕ್ಕಿ ಚಿತ್ರ ತೆರೆಯುವುದು. ಅದಕ್ಕೂ ಮುಂಚೆ ಯಾರಿಗೂ ಫೋನ್ ಇಲ್ಲ. 30 ನ್ಯಾನೋಗ್ರಾಂಗಿಂತ ಕಡಿಮೆ ಬಂದರೆ ಎಷ್ಟೇ ಪ್ರೀತಿಯ ದನ ಆದರೂ ಮತ್ತೆ ರಕ್ತ ತೆಗೆಯುವುದು.

ಪೆರ್ಲದ ಆ ಹಟ್ಟಿಗೆ ನಾನೇ ಹೋದೆ, ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಡಾಕ್ಟರ್ ಬರಲು ಇನ್ನು ನಾಲ್ಕು ದಿನ ಇತ್ತು. ರ‍್ಯಾಕ್, ಮುಚ್ಚಳ, 25ರ ಲೆಕ್ಕ ಎಲ್ಲವನ್ನೂ ಜಗಲಿಯ ಮೇಲೆ ಅಡಕೆ ಇಟ್ಟು ತೋರಿಸಿದೆ. ನಾಲ್ಕು ಸಾಲು, ಸಾಲಿಗೆ ಆರು. ಹಾಳೆಯನ್ನು ತಿರುಗಿಸಿದಾಗ ಅವರಿಗೆ ಕೂಡಲೇ ಅರ್ಥವಾಯಿತು. ನನ್ನನ್ನು ಬೈಯಲಿಲ್ಲ. ಎದ್ದು ಹೋಗಿ ಹೋರಿಯ ಗಂಗೆದೊಗಲು ಸವರುತ್ತಾ ನಿಂತರು.

ಫ್ರೀಜರಿನಲ್ಲಿ ಇನ್ನೂ 45 ದನಗಳ ಟ್ಯೂಬ್ ಇವೆ. ಎರಡು ಚಿಪ್ಪಿಗೆ 3 ಕಡಿಮೆ. ಒಂದು ಖಾನೆ ಆ ಕರುವಿನ ಹೊಸ ರಕ್ತಕ್ಕೆ, ಅದೀಗ ಬೆಳೆದು ಕಡಸಾಗಿದೆ. ಉಳಿದ ಎರಡು ಕೆಂಪು ಹೋರಿಗೆ, ಚಿಪ್ಪಿಗೊಂದರಂತೆ. ಈ ಸಲ ಗುಂಪಿನಲ್ಲಿ ಯಾರೂ ಬೇಡ ಅನ್ನಲಿಲ್ಲ.